ನಮ್ಮ ಮನೆಯ ಗ್ಯಾಸು

ಹುಬ್ಬಳ್ಳಿ ಕಮರಿಪೇಟೆಯ ನಮ್ಮ ಮನೆಯಲ್ಲಿ ಎಲ್ಲ ರೋಗಕ್ಕೂ ಒಂದೇ ಹೆಸರಿತ್ತು: ಗ್ಯಾಸು. ತಲೆ ಸುತ್ತಿದರೆ ಗ್ಯಾಸು ತಲೆಗೆ ಏರಿದೆ, ಕಾಲು ಹಿಡಿದರೆ ಗ್ಯಾಸು ಕಾಲಿಗೆ ಇಳಿದಿದೆ. ಈ ಶಾಸ್ತ್ರದಲ್ಲಿ ನಮ್ಮ ಅತ್ತೆಯನ್ನು ಮೀರಿಸುವವರಿರಲಿಲ್ಲ. ಹಣೆತುಂಬ ವಿಭೂತಿ ಹಚ್ಚಿ, ಅಂಗೈಯಲ್ಲಿ ಅಜವಾನದ ಕಾಳು ತಿಕ್ಕುತ್ತ ಕೂತರೆಂದರೆ ಯಾವ ಡಾಕ್ಟರರೂ ಬೇಡ. ಅವರ ಸ್ವಂತ ಗ್ಯಾಸು ಮಾತ್ರ ಇಪ್ಪತ್ತು ವರ್ಷದ್ದು. ಅದರ ದೆಸೆಯಿಂದ ಅವರು ಬಸ್ಸು ಹತ್ತುತ್ತಿರಲಿಲ್ಲ, ಯಾವ ಮದುವೆಗೂ ಹೋಗುತ್ತಿರಲಿಲ್ಲ. ಧಾರವಾಡದಾಚೆಯ ಮುಗದದಲ್ಲಿ ತಮ್ಮ ತಂಗಿಯ ಮಗಳ ಮದುವೆಯಾದಾಗಲೂ ಹೋಗಲಿಲ್ಲ. "ಇದು ಅನುಕೂಲದ ಗ್ಯಾಸ್ ನೋಡ್ರಿ" ಎಂದು ನಾನು ಗಂಡನ ಮುಂದೆ ಆಡಿಕೊಂಡು ನಗುತ್ತಿದ್ದೆ.

ಇದು ತೊಂಬತ್ತರ ದಶಕದ ಕೊನೆಯ ಮಾತು. ನಾನು ದಿನಾ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಒಂದು ಬೆಳಿಗ್ಗೆ ಬಸ್ಸು ನವಲೂರಿನ ಹತ್ತಿರ ಬಂದಾಗ ಏನೂ ಕಾರಣವಿಲ್ಲದೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಉಸಿರು ಸಾಲದಾಯಿತು, ಬೆರಳು ಜುಮುಜುಮು ಎಂದವು, ಕಂಡಕ್ಟರನ ದನಿ ಎಲ್ಲೋ ದೂರದಿಂದ ಕೇಳಿತು. ಸತ್ತೇ ಹೋಗುತ್ತೇನೆ ಅನ್ನಿಸಿತು. ಬಸ್ಸು ನಿಲ್ಲಿಸಿ ಇಳಿದೆ. ಸಾಯುವುದೇನೋ ಸರಿ, ಆದರೆ ಟೀಚರೊಬ್ಬಳು ರಸ್ತೆಬದಿ ಸುಮ್ಮನೆ ನಿಂತರೆ ನೋಡಿದವರು ಏನಂದಾರು? ಎದುರಿಗೇ ಪೇರಲ ಮಾರುವವಳು ಕೂತಿದ್ದಳು. ಒಂದು ಕಿಲೋ ಕೊಂಡೆ. ಕಾಲು ಗಂಟೆಯಲ್ಲಿ ಎಲ್ಲ ಇಳಿದುಹೋಯಿತು. ಮುಂದಿನ ಬಸ್ಸು ಹಿಡಿದು ತಡವಾಗಿ ಶಾಲೆ ಮುಟ್ಟಿದೆ.

ನಾಲ್ಕು ದಿನ ಬಿಟ್ಟು ಮತ್ತೆ ಅದೇ ನವಲೂರು, ಅದೇ ಸಾವು, ಅದೇ ಪೇರಲ. ಆಮೇಲೆ ಅದು ಎಲ್ಲಿ ಬಂದೀತೋ ಎಂಬ ಹೆದರಿಕೆಗೇ ಬರತೊಡಗಿತು. ಮನೆಯಲ್ಲಿ ಪೇರಲಹಣ್ಣಿನ ರಾಶಿ ಬಿತ್ತು. ನಾನು ಬಸುರಿ ಎಂದು ಓಣಿಯ ಹೆಂಗಸರು ತೀರ್ಮಾನಿಸಿದರು. ಅತ್ತೆ ಮಾತ್ರ ತಮ್ಮ ಶಾಸ್ತ್ರ ಬಿಡಲಿಲ್ಲ. "ದಿನಾ ಇಷ್ಟು ಪೇರಲ ತಿಂದ್ರ ಗ್ಯಾಸ್ ಆಗದ ಇನ್ನೇನ ಆಗ್ತೈತಿ?" ಎಂದರು.

ವಿದ್ಯಾನಗರದ ಡಾಕ್ಟರೊಬ್ಬರು ಇಸಿಜಿ ತೆಗೆದು ನೋಡಿ, "ಹಾರ್ಟ್ ಛಲೋ ಐತ್ರಿ. ಧಾರವಾಡದಾಗ ಒಬ್ಬರು ಡಾಕ್ಟರ್ ಅದಾರ, ಅವರಿಗೆ ತೋರಸ್ರಿ" ಎಂದು ಚೀಟಿ ಬರೆದುಕೊಟ್ಟರು. ನನ್ನ ಗಂಡನ ಮುಖ ಇಳಿಯಿತು. ನಮ್ಮ ಕಡೆ "ಧಾರವಾಡಕ್ಕ ತೋರಸಾಕ ಹೋಗ್ಯಾರ" ಅಂದರೆ ಒಂದೇ ಅರ್ಥ: ಹುಚ್ಚಾಸ್ಪತ್ರೆ. ಆರು ವರ್ಷದಿಂದ ದಿನಾ ಧಾರವಾಡಕ್ಕೆ ಹೋಗಿ ಬರುತ್ತಿದ್ದವಳು ನಾನು. ಕಲಿಸಲು ಹೋದರೆ ಜಾಣೆ, ತೋರಿಸಲು ಹೋದರೆ ಹುಚ್ಚಿ. "ಯಾರರ ಕೇಳಿದ್ರ ಗ್ಯಾಸಿನ ಡಾಕ್ಟರ್ ಅಂತ ಹೇಳು" ಎಂದು ನಮ್ಮ ಯಜಮಾನರು ಉಪಾಯ ಹೇಳಿಕೊಟ್ಟರು.

ಆದರೂ ಧೈರ್ಯ ಸಾಲದೆ, ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡು ಇನ್ನೆರಡು ತಿಂಗಳು ಪೇರಲ ತಂದೆ. ಕೊನೆಗೆ ಹೆಡ್‌ಮಾಸ್ತರರು ಕರೆದು, "ಇನ್ನೊಮ್ಮೆ ಲೇಟಾದ್ರ ನಾವು ಬ್ಯಾರೇದವರನ್ನ ನೋಡ್ಕೋತೇವ್ರಿ, ಟೀಚರ್" ಎಂದರು. ಆ ಕೆಲಸ ನನಗೆ ಬೇಕಿತ್ತು. ಅಜವಾನದ ವಾಸನೆಯಿಲ್ಲದ ಜಾಗ ನನಗಿದ್ದುದು ಅದೊಂದೇ. ಹೋದೆ.

ಧಾರವಾಡದ ಡಾಕ್ಟರು ಪೇರಲದ ಕಥೆ ಕೇಳಿಯೂ ನಗಲಿಲ್ಲ. "ಇದಕ್ಕ ಪ್ಯಾನಿಕ್ ಅಂತಾರ್ರಿ. ಕಳ್ಳ ಬರದನ ನಿಮ್ಮೊಳಗಿನ ನಾಯಿ ಬೊಗಳಾಕತ್ತೈತಿ. ಬೊಗಳೋದು ಖರೇ, ಕಳ್ಳ ಇಲ್ಲ, ಅಷ್ಟ. ನೀವು ಪ್ರತಿ ಸಲ ಇಳದು ಓಡಿದ್ರ, ಕಳ್ಳ ಖರೇನ ಬಂದಿದ್ದ ಅಂತ ಅದು ತಿಳಕೊಂತೈತಿ." ಗುಳಿಗೆ ಕೊಟ್ಟರು, ನಿಧಾನವಾಗಿ ಉಸಿರು ಬಿಡುವುದನ್ನು ಕಲಿಸಿದರು. ಕೊನೆಗೆ ಪಥ್ಯ ಹೇಳಿದರು: ನವಲೂರಿನಲ್ಲಿ ಇಳಿಯಬಾರದು. "ಬಂದ್ರ ಬರಲಿ ಬಿಡ್ರಿ, ತಾನ ಹೋಗ್ತೈತಿ. ನೀವು ಕೂತಿರ್ರಿ."

ಕೂತೆ. ಮೊದಲ ದಿನ ಮುಂದಿನ ಸೀಟಿನ ಸರಳನ್ನು ಕಿತ್ತು ಬರುವ ಹಾಗೆ ಹಿಡಿದಿದ್ದೆ. ಸಾಯಲಿಲ್ಲ. ಮರುದಿನವೂ ಸಾಯಲಿಲ್ಲ. ಐದಾರು ತಿಂಗಳಲ್ಲಿ ನವಲೂರು ಬರೀ ಒಂದು ಊರಾಯಿತು.

ಆಮೇಲೆ ಒಂದು ಮಧ್ಯಾಹ್ನ ಅತ್ತೆ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. "ನಿನಗ ಬಸ್ಸಿನ್ಯಾಗ ಆಗ್ತಿತ್ತಲ್ಲ, ಎದಿ ಹೊಡಕೊಂಡು ಜೀವಾ ಹೋದಂಗ. ನೀ ನಿನ್ನ ಗಂಡಗ ಹೇಳಾಕತ್ತಿದ್ದಿ, ಕೇಳಿದೆ. ನನಗೂ ಹಂಗ ಆಗ್ತೈತಿ. ಮುಗದದ ಮದವಿಗೆ ಹೊಸಾ ಸೀರಿ ಉಟಗೊಂಡು ಬಸ್ ಸ್ಟ್ಯಾಂಡ್ ತನಕ ಹೋಗಿದ್ದೆ. ಹತ್ತಾಕ ಆಗಲಿಲ್ಲ." ದನಿ ತಗ್ಗಿಸಿ ಕೇಳಿದರು, "ಆ ಗ್ಯಾಸಿನ ಡಾಕ್ಟರ್ ವಯಸ್ಸಾದವರನ್ನೂ ನೋಡ್ತಾರೇನ?"

ಇಪ್ಪತ್ತು ವರ್ಷ. ನಾನು ನಾಲ್ಕು ತಿಂಗಳಿಗೇ ಸೋತುಹೋಗಿದ್ದೆ. ಅನುಕೂಲದ ಗ್ಯಾಸು ಎಂದು ಆಡಿದ್ದ ನನ್ನ ನಾಲಿಗೆಯ ಬಗ್ಗೆ ನನಗೇ ನಾಚಿಕೆಯಾಯಿತು.

ಮುಂದಿನ ಶನಿವಾರ ಹೊರಟೆವು. ಎಲ್ಲಿಗೆ ಎಂದು ಕೇಳಿದ ಎದುರುಮನೆಯವರಿಗೆ, "ಧಾರವಾಡಕ್ಕ, ತೋರಸಾಕ" ಎಂದು ಓಣಿಗೆಲ್ಲ ಕೇಳುವ ಹಾಗೆ ಹೇಳಿದೆ. ಬಸ್ಸಿನಲ್ಲಿ ಅತ್ತೆಯನ್ನು ಕಿಟಕಿಯ ಬದಿಗೆ ಕೂರಿಸಿದೆ. ನವಲೂರು ಬರುವ ಹೊತ್ತಿಗೆ ಅವರು ನನ್ನ ಮುಂಗೈಯನ್ನು ಬಳೆ ಒತ್ತುವಷ್ಟು ಬಿಗಿಯಾಗಿ ಹಿಡಿದಿದ್ದರು.

"ಇಳಿಯೂಣೇನ? ಪೇರಲ ಛಲೋ ಕಾಣಸ್ತಾವ."

"ಬ್ಯಾಡ್ರಿ ಅತ್ತಿ" ಎಂದೆ. "ಬರೂಮುಂದ ತಗೊಳ್ಳೂಣ."