ಲೈನ್‌ಬ್ಯಾಕರ್‌ನ ಕತ್ತಿನ ಅಳತೆ

ಆಗ್ಲಿಕ್ಕೇ ಇಲ್ಲ ಎಂದು ಹೇಳಿದ್ದು ನನ್ನ ಸೋದರಮಾವ. ದುಬೈಯ ಸತ್ವಾದಲ್ಲಿದ್ದ ತಮ್ಮ ಟೈಲರ್ ಅಂಗಡಿಯಲ್ಲಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೇಳಿದ್ದರು.

"ನಮ್ಮ ಕುಟುಂಬದಲ್ಲಿ ಡಿಗ್ರಿ ಆಗ್ಲಿಕ್ಕಿಲ್ಲ ಮಾರಾಯ. ಓದು ಅಂತ ಹೇಳುದು ನಮ್ಮ ಅಂಗಳದವರೆಗೆ ಬರ್ತದೆ, ಚಪ್ಪಲಿ ಬಿಡ್ತದೆ, ಆಮೇಲೆ ಎಂತದೋ ನೆನಪಾಗಿ ವಾಪಸ್ ಹೋಗ್ತದೆ."

ಮಾವ ಸುಳ್ಳು ಹೇಳಿರಲಿಲ್ಲ. ಅವರದ್ದು ಐದನೇ ಕ್ಲಾಸು, ಅಮ್ಮನದ್ದು ಅದಕ್ಕಿಂತ ಕಡಿಮೆ. ಅಪ್ಪ ಶಾಲೆಯ ಕಟ್ಟಡಕ್ಕೆ ಕಲ್ಲು ಹೊತ್ತದ್ದು ಬಿಟ್ಟರೆ ಒಳಗೆ ಹೋದವರಲ್ಲ. ನಾನು ಪಿಯುಸಿ ದಾಟಿ ದುಬೈಗೆ ಬಂದು, ಮಾವನ ಜೊತೆ ಇದ್ದುಕೊಂಡು, ಅಲ್ ಕುಸೈಸ್‌ನ ಗೋದಾಮೊಂದಕ್ಕೆ ಕೆಲಸಕ್ಕೆ ಹೋಗುತ್ತಿದ್ದೆ. ವೀಸಾದಲ್ಲಿ ನನ್ನ ಹುದ್ದೆ ಹೆಲ್ಪರ್. ಡಿಗ್ರಿ ತಂದರೆ ಆಫೀಸಿನೊಳಗೆ ಕೂರಿಸಿ ವೀಸಾ ಬದಲಿಸುತ್ತೇನೆ ಎಂದು ಮ್ಯಾನೇಜರ್ ಮಾತು ಕೊಟ್ಟಿದ್ದ. ಇವನು ತರುವುದಿಲ್ಲ ಎಂಬ ಧೈರ್ಯದಲ್ಲೇ ಕೊಟ್ಟಿರಬೇಕು. ಕರೆಸ್ಪಾಂಡೆನ್ಸ್‌ನಲ್ಲಿ ಬಿ.ಕಾಂ. ಕಟ್ಟಿ ಎರಡು ವರ್ಷ ಹೇಗೋ ದಾಟಿಸಿದ್ದೆ. ಉಳಿದದ್ದು ಕೊನೆಯ ವರ್ಷ.

ಆಗ ಅಂಗಡಿಗೆ ಆ ಕತ್ತು ಬಂತು.

ಕತ್ತು ಎಂದೇ ಹೇಳಬೇಕು, ಮನುಷ್ಯ ಕಣ್ಣಿಗೆ ಬಿದ್ದದ್ದು ಆಮೇಲೆ. ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದವರು ಅಮೆರಿಕದವರು. ಅಲ್ಲಿ ಸಂಬಳಕ್ಕೆ ಅಮೆರಿಕನ್ ಫುಟ್‌ಬಾಲ್ ಆಡಿ ಮುಗಿಸಿ, ಈಗ ದುಬೈಯ ಒಂದು ಶಾಲೆಯಲ್ಲಿ ಆಟದ ಮೇಷ್ಟ್ರು. ರೆಡಿಮೇಡ್ ಶರ್ಟಿನ ಕಾಲರ್ ಅವರಿಗೆ ಸರಿಯಾದರೆ ಸೊಂಟದಲ್ಲಿ ಇನ್ನೊಬ್ಬ ಹಿಡಿಸುತ್ತಿದ್ದ. ಅದಕ್ಕೇ ಹೊಲಿಸಲು ಬಂದಿದ್ದರು. ಮಾವ ಸ್ಟೂಲು ಹತ್ತಿ ಅಳತೆ ಟೇಪು ಸುತ್ತಿದರು.

"ಇದು ಕತ್ತಾ, ತೆಂಗಿನ ಬುಡವಾ?" ಎಂದರು ನನ್ನ ಕಡೆ ತಿರುಗಿ.

"ಏನಂದ್ರು?" ಎಂದು ಆ ಮನುಷ್ಯ ಕೇಳಿದರು. ಅವರ ಇಂಗ್ಲಿಷ್ ಈಗ ನನಗೆ ಕನ್ನಡದಲ್ಲೇ ನೆನಪಿರುವುದು.

"ಒಳ್ಳೆಯ ಕತ್ತು ಅಂದ್ರು."

ಅವರು ನನ್ನ ತೊಡೆ, ನಿಂತ ರೀತಿ ನೋಡಿ ಏನು ಆಡುತ್ತೀ ಎಂದು ಕೇಳಿದರು. ಕಬಡ್ಡಿ, ಎಡ ಮೂಲೆ ಎಂದೆ. ಅದು ಹೇಗೆ, ತೋರಿಸು ಎಂದರು. ತೋರಿಸು ಎಂದವರಿಗೆ ತೋರಿಸಬೇಕಲ್ಲ. ಕುಕ್ಕರುಗಾಲಲ್ಲಿ ಕೂತವನು ಛಂಗನೆ ಮುಂದಕ್ಕೆ ಬಿದ್ದು ಅವರ ಪಾದದ ಗೆಣ್ಣು ಹಿಡಿದೆ. ಆ ಪರ್ವತ ಸೂಟಿಂಗ್ ಬಟ್ಟೆಯ ಥಾನುಗಳ ಮೇಲೆ ಹೋಗಿ ಮಲಗಿತು. ಆ ಕಾಲಿನ ಮಂಡಿ ಮೊದಲೇ ಹೋಗಿತ್ತೆಂದು ಆಮೇಲೆ ತಿಳಿಯಿತು, ಆದರೆ ಆ ಗಳಿಗೆಯ ಹೆಮ್ಮೆಯನ್ನು ನಾನು ಇನ್ನೂ ವಾಪಸ್ ಕೊಟ್ಟಿಲ್ಲ.

"ಅವನ ಕಾಲು ಮುರಿದಿದ್ರೆ ನನ್ನ ಅಂಗಡಿ ಖಲಾಸ್ ಆಗ್ತಿತ್ತು," ಎಂದರು ಮಾವ.

ಬಿದ್ದವರು ಬಿದ್ದಲ್ಲೇ ನಗುತ್ತಿದ್ದರು. "ಶುಕ್ರವಾರ ಸಂಜೆ ಮೈದಾನಕ್ಕೆ ಬಾ," ಎಂದರು. ಅಂದಿನಿಂದ ಅವರು ನನಗೆ ಕೋಚ್.

ಅವರ ತಂಡ ದುಡ್ಡಿನದ್ದಲ್ಲ, ಆಸೆಯದ್ದು. ವಾರವಿಡೀ ಬ್ಯಾಂಕು, ವಿಮಾನ, ಶಾಲೆ ಎಂದು ದುಡಿದವರು ರಜೆಯಲ್ಲಿ ಹೆಲ್ಮೆಟ್ ಹಾಕಿ ಡಿಕ್ಕಿ ಹೊಡೆದುಕೊಳ್ಳುತ್ತಿದ್ದರು. ನನ್ನನ್ನು ಕೋಚ್ ತಾವು ಆಡುತ್ತಿದ್ದ ಜಾಗದಲ್ಲೇ ನಿಲ್ಲಿಸಿದರು: ಲೈನ್‌ಬ್ಯಾಕರ್. ಮುಂದೆ ಗೋಡೆಯಂತೆ ನಮ್ಮವರೇ ನಾಲ್ಕು ದಪ್ಪನೆಯವರು, ಅವರ ಹಿಂದೆ ಲೈನ್‌ಬ್ಯಾಕರ್. ಚೆಂಡು ಹಿಡಿದವನು ಎತ್ತ ಓಡುತ್ತಾನೆಂದು ಮೊದಲೇ ಓದಿ, ಹೋಗಿ ಕೆಡವುವುದು ಅವನ ಕೆಲಸ. ಕಬಡ್ಡಿಯೇ ಅಲ್ಲವೇ ಎಂದುಕೊಂಡೆ. ಅಲ್ಲೇ ಎಡವಿದೆ.

ಕಬಡ್ಡಿಯಲ್ಲಿ ಎದುರಾಳಿ ಒಳಗೆ ಬಂದ ಕೂಡಲೇ ಪಕ್ಕದವನ ಕೈ ಹಿಡಿಯಬೇಕು. ಸರಪಳಿ ಕಟ್ಟದೆ ಹಿಡಿತವಿಲ್ಲ. ಹತ್ತು ವರ್ಷದ ಹುಡುಗನಾಗಿದ್ದಾಗಿನಿಂದ ರೂಢಿಯಾದದ್ದು. ಮೊದಲ ದಿನ ಆಚೆಯವರು ಚೆಂಡು ಎತ್ತಿದ್ದೇ ತಡ, ನನ್ನ ಕೈ ನನ್ನನ್ನು ಕೇಳದೆ ಹೋಗಿ ಪಕ್ಕದಲ್ಲಿದ್ದ ಗಡ್ಡದ ಲೆಬನಾನಿನವನ ಕೈ ಹಿಡಿದುಕೊಂಡಿತು. ಅವನು ಕೈ ನೋಡಿದ, ನನ್ನನ್ನು ನೋಡಿದ. ಅಷ್ಟರಲ್ಲಿ ಚೆಂಡಿನವನು ನಮ್ಮಿಬ್ಬರ ಪಕ್ಕದಲ್ಲೇ ಓಡಿ ಗೆರೆ ದಾಟಿದ.

"ಯಲ್ಲಾ ಹಬೀಬಿ," ಎಂದ ಗಡ್ಡದವನು. "ಕೈ ಹಿಡಿಯುದಾದ್ರೆ ಮೊದಲು ನನ್ನ ಅಮ್ಮನ ಹತ್ತಿರ ಮಾತಾಡು."

ಕೋಚ್ ಬೈಯಲಿಲ್ಲ. ಒಂದು ಟವೆಲ್ ಸುರುಳಿ ಮಾಡಿ ನನ್ನ ಎಡಮುಷ್ಟಿಗೆ ತುರುಕಿದರು. "ಕೈ ಬೇಕೇ ಬೇಕು ಅನ್ನಿಸಿದಾಗ ಇದನ್ನು ಹಿಡಿ," ಎಂದರು. ಆ ಟವೆಲ್ ತಿಂಗಳುಗಟ್ಟಲೆ ನನ್ನ ಜೊತೆಗಾರನಾಗಿತ್ತು.

ಆಟ ಮುಗಿದ ಮೇಲೆ ಕೋಚ್ ತಮ್ಮ ಕಾರಿನಲ್ಲಿ ನನ್ನನ್ನು ಸತ್ವಾಕ್ಕೆ ಬಿಡುತ್ತಿದ್ದರು, ಮಾವನ ಅಂಗಡಿಯಲ್ಲಿ ಚಾ ಕುಡಿಯುತ್ತಿದ್ದರು. ಅಲ್ಲಿ ಅವರ ಕಥೆ ಕಂತುಕಂತಾಗಿ ಹೊರಬಿತ್ತು, ನಾನು ಮಾವನಿಗೆ ತಿಳಿಯುವಂತೆ ಹೇಳುತ್ತಾ ಹೋದೆ. ಅಪ್ಪ ಮಾಂಸದ ಕಾರ್ಖಾನೆಯಲ್ಲಿ ಕೆಲಸಗಾರ. ಆಟಕ್ಕಾಗಿ ಕಾಲೇಜು ಪುಕ್ಕಟೆ ಸಿಕ್ಕಿತು, ಮುಗಿಯುವ ಮೊದಲೇ ದೊಡ್ಡ ತಂಡ ಕರೆಯಿತು, ಓದು ಅರ್ಧಕ್ಕೆ ನಿಂತಿತು. ಪ್ರತಿ ಬೇಸಿಗೆ ತಂಡದಿಂದ ಕೆಲವರನ್ನು ತೆಗೆಯುತ್ತಾರಂತೆ. ಬೆಳಿಗ್ಗೆ ಒಬ್ಬ ಬಂದು ಬಾಗಿಲು ತಟ್ಟಿ, "ಕೋಚ್ ಕರೀತಿದ್ದಾರೆ, ಆಟದ ಪುಸ್ತಕ ತಗೊಂಡು ಬಾ," ಎನ್ನುತ್ತಾನೆ. ತಂಡದ ಉಪಾಯಗಳೆಲ್ಲ ಇರುವ ಪುಸ್ತಕ ಅದು. ವಾಪಸ್ ಕೊಡು ಎಂದರೆ ಮುಂದಿನದ್ದನ್ನು ಯಾರೂ ವಿವರಿಸಬೇಕಿಲ್ಲ.

ಮಾವನಿಗಂತೂ ವಿವರಿಸಬೇಕಾಗಲಿಲ್ಲ. "ಅಂದ್ರೆ ಕ್ಯಾನ್ಸಲ್," ಎಂದರು. ಗಲ್ಫಿನಲ್ಲಿ ವೀಸಾ ಹೋಗುವುದಕ್ಕೆ ಅದೇ ಮಾತು. "ಟಿಕೆಟ್ ಆದ್ರೂ ಕೊಟ್ರಂತಾ, ಕೇಳು."

ಕೇಳಿದೆ. "ಕೊಟ್ರು. ಒನ್‌ವೇ," ಎಂದರು ಕೋಚ್.

ಮೂರನೆಯ ತಂಡದಲ್ಲಿ ಮಂಡಿ ಹೋಯಿತು, ಪುಸ್ತಕ ಕೇಳಲು ಜನ ಬಂದರು. ಆಮೇಲೆ ಅವರು ಕಾಲೇಜಿಗೇ ಮರಳಿ ಹೋಗಿ ಹದಿಹರೆಯದವರ ನಡುವೆ ಕೂತರು. ಆ ಡಿಗ್ರಿ ಅಸಲಿಯೆಂದು ಸರಕಾರದ ಮುದ್ರೆ ಒತ್ತಿಸಿ ಅಟೆಸ್ಟೇಶನ್ ಮಾಡಿಸಿದ ಮೇಲೆಯೇ ದುಬೈಯ ಶಾಲೆ ಕೆಲಸ ಕೊಟ್ಟದ್ದು. ಅವರ ಮನೆಯಲ್ಲಿ ಅದೇ ಮೊದಲ ಡಿಗ್ರಿ ಎಂದಾಗ ಮಾವ ಮಷೀನು ನಿಲ್ಲಿಸಿದರು.

"ಇವರ ಅಂಗಳಕ್ಕೂ ಓದು ಬಂದು ಚಪ್ಪಲಿ ಬಿಟ್ಟು ವಾಪಸ್ ಹೋಗ್ತಿತ್ತಂತಾ?"

ನಾನು ಹೇಗೋ ಇಂಗ್ಲಿಷಿಗೆ ತಿರುಗಿಸಿದೆ. ಕೋಚ್, "ನಮ್ಮಲ್ಲಿ ಒಳಗೆ ಬಂದು ಕೂತಿತು. ಕುರ್ಚಿ ಮುರೀತು, ಅಷ್ಟೇ," ಎಂದರು.

ನನ್ನ ಪರೀಕ್ಷೆಯ ವಿಷಯ ತಿಳಿದ ಮೇಲೆ ಅವರು ಬಿಡಲಿಲ್ಲ. ಮೈದಾನದಲ್ಲಿ ಮೈ ಬಿಸಿ ಮಾಡಿಕೊಳ್ಳುವಾಗ ವೆಚ್ಚದ ಲೆಕ್ಕಾಚಾರದ ನನ್ನ ಕಾಸ್ಟಿಂಗ್ ಪುಸ್ತಕ ತೆರೆದು ಪ್ರಶ್ನೆ ಓದುತ್ತಿದ್ದರು. ಉತ್ತರ ಸರಿಯೋ ತಪ್ಪೋ ಅವರಿಗೆ ಗೊತ್ತಾಗುತ್ತಿರಲಿಲ್ಲ. ನಾನು ತಡವರಿಸಿದರೆ ಸಾಕು, ತಪ್ಪು ಎಂದು ಮೈದಾನ ಸುತ್ತಿಸುತ್ತಿದ್ದರು. "ನಾನು ಬಾಯಿ ನೋಡುದಿಲ್ಲ, ಚೆಂಡಿನವನನ್ನು ಓದುವ ಹಾಗೆ ಸೊಂಟ ನೋಡ್ತೇನೆ. ಸೊಂಟಕ್ಕೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ." ಕಾಸ್ಟಿಂಗ್ ನನಗೆ ಚೆನ್ನಾಗಿ ಬಂದದ್ದು ಹಾಗೆ, ಓಡಲು ಬೇಸರವಾಗಿ.

ಪರೀಕ್ಷೆಯ ಹಿಂದಿನ ವಾರ ಅಬುಧಾಬಿಯಲ್ಲಿ ಪಂದ್ಯ. ಚೆಂಡಿನವನೊಬ್ಬ ನನ್ನನ್ನು ದಾಟಿಯೇಬಿಟ್ಟ. ಕೋಚ್ ಕಲಿಸಿದ್ದು ಭುಜದಿಂದ ಹೊಡೆಯುವುದು, ಕಬಡ್ಡಿಯ ಹಳೆಯ ಮೈ ಕೇಳಬೇಕಲ್ಲ, ಗೆಣ್ಣಿಗೇ ಹಾರಿತು. ಅವನು ಬಿದ್ದ. ನನ್ನ ಬಲಗೈಯ ನಡುಬೆರಳು ಅವನ ಶೂವಿನ ದಾರದಲ್ಲಿ ಸಿಕ್ಕಿ ಬೇರೆ ದಿಕ್ಕು ನೋಡತೊಡಗಿತು. ಕ್ಲಿನಿಕ್ಕಿನಲ್ಲಿ ಎಳೆದು ಕೂರಿಸಿದರು, ಕೆಲವು ವಾರ ಈ ಕೈಯಲ್ಲಿ ಏನೂ ಬರೆಯಬೇಡ ಎಂದರು.

ಪರೀಕ್ಷೆ ತಪ್ಪಿದರೆ ಇನ್ನೊಂದು ವರ್ಷ. ಆಫೀಸಿನ ಆ ಕುರ್ಚಿಗೆ ಮ್ಯಾನೇಜರ್ ಅಷ್ಟು ದಿನ ಕಾಯುವವನಲ್ಲ. ಮಾವ ನನ್ನ ಬೆರಳು ನೋಡಿದರು. ಹೇಳಿದ್ದೆನಲ್ಲ ಎನ್ನುತ್ತಾರೆಂದು ಕಾದೆ.

"ಈ ಸಲ ಓದು ಒಳಗೇ ಬರ್ತದೆ ಅಂತ ನಾನೂ ಅಂದಾಜು ಮಾಡಿದ್ದೆ," ಎಂದರಷ್ಟೇ.

ಕೋಚ್ ಬಂದು ತಮ್ಮ ಎರಡೂ ಕೈಗಳನ್ನು ಇಸ್ತ್ರಿ ಮೇಜಿನ ಮೇಲೆ ಹರಡಿದರು. ಶುಂಠಿಯ ಹಾಗೆ ಗಂಟುಗಂಟು, ನೆಟ್ಟಗಿದ್ದ ಬೆರಳು ಹುಡುಕಬೇಕಿತ್ತು. ನನ್ನ ನಡುಬೆರಳನ್ನು ಉಂಗುರಬೆರಳಿಗೆ ಸೇರಿಸಿ ಅಂಟು ಟೇಪು ಸುತ್ತಿದರು. "ಒಂದು ಇಡೀ ಸೀಸನ್ ಹೀಗೇ ಆಡಿದ್ದೇನೆ. ನೋವು ಇರ್ತದೆ, ಇರ್ಲಿ." ಪೆನ್ನು ಹಿಡಿದೆ. ಆನಿಸಲು ಬೆರಳು ಬಾಗದೆ ಪೆನ್ನು ಜಾರಿತು. ಮತ್ತೆ ಹಿಡಿದೆ, ಮತ್ತೆ ಜಾರಿತು.

ಮಾವ ಪೆನ್ನನ್ನು ನನ್ನ ಕೈಯಿಂದ ಕಿತ್ತುಕೊಂಡರು. ಕಾಲರಿಗೆ ಹಾಕುವ ಕ್ಯಾನ್ವಾಸಿನ ತುಂಡು ತೆಗೆದು, ಪೆನ್ನಿಗೆ ಸುತ್ತಿ, ಸೂಜಿದಾರದಿಂದ ಹೊಲಿದರು.

"ಟ್ರಯಲ್ ನೋಡು."

ದಪ್ಪ ಸಾಲಲಿಲ್ಲ. ಬಿಚ್ಚಿ ಇನ್ನೊಂದು ಪದರ. ಈಗ ಮೇಲೆ ದಪ್ಪವಾಯಿತು. ಮತ್ತೆ ಬಿಚ್ಚಿದರು. ಗಿರಾಕಿಗಳು ಬಂದು ನಿಂತರು, ಮಾವ ಕೂತ್ಕೊಳ್ಳಿ ಎಂದರು. ಕೊನೆಗೆ ಎಳೆ ಮುಳ್ಳುಸೌತೆಯಂತಾದ ಆ ಪೆನ್ನು ನನ್ನ ಹೆಬ್ಬೆರಳು ತೋರುಬೆರಳಿನ ನಡುವೆ ಅಲ್ಲಾಡದೆ ಕೂತಿತು. ಮಾವ ದಾರವನ್ನು ಹಲ್ಲಿನಲ್ಲಿ ಕಡಿದರು.

ಪರೀಕ್ಷೆಯ ಹಾಲಿನಲ್ಲಿ ಮೇಲ್ವಿಚಾರಣೆಯ ಮೇಡಂ ಅದನ್ನು ಹಿಚುಕಿ ನೋಡಿದರು. "ಇದರ ಒಳಗೆ ಏನುಂಟು?"

"ಕಾಲರ್, ಮೇಡಂ."

"ಯಾರು ಹೊಲಿದದ್ದು?"

"ಮಾವ."

ಹೊಲಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿ ಕೊಟ್ಟರು. ಪರೀಕ್ಷೆ ಮುಗಿದ ಮೇಲೆ, ಆ ಮಾವ ಚೂಡಿದಾರ ಹೊಲಿಯುತ್ತಾರಾ ಎಂದು ಕೇಳಿದರು. ಬರೆಯುವಾಗ ಎಷ್ಟು ನೋಯಿತೆಂದು ಇಲ್ಲಿ ಹೇಳುವುದಿಲ್ಲ. ಕಾಸ್ಟಿಂಗ್‌ನಲ್ಲಿ ಎಲ್ಲೂ ತಡವರಿಸಲಿಲ್ಲ ಎಂದಷ್ಟೇ ಹೇಳುತ್ತೇನೆ.

ಸೆಕೆಂಡ್ ಕ್ಲಾಸಿನಲ್ಲಿ ಪಾಸಾದೆ. ಸರ್ಟಿಫಿಕೇಟ್ ಕೊಡುವ ಸಮಾರಂಭ ಅಲ್ ಕುಸೈಸ್‌ನ ಒಂದು ಶಾಲೆಯ ಹಾಲಿನಲ್ಲಿ ನಡೆಯಿತು. ಎರಡನೇ ಸಾಲಿನಲ್ಲಿ ಮಾವ, ಪಕ್ಕದಲ್ಲಿ ಕೋಚ್, ಮಾವ ಹೊಲಿದ ಶರ್ಟನ್ನು ಕುತ್ತಿಗೆಯ ಗುಂಡಿಯವರೆಗೆ ಹಾಕಿಕೊಂಡು. ಇಬ್ಬರಿಗೂ ಒಂದು ಭಾಷೆ ಇಲ್ಲ, ಆದರೂ ಏನೋ ಮಾತಾಡಿ ನಗುತ್ತಿದ್ದರು. ನನ್ನ ಹೆಸರು ಕರೆದರು. ಇನ್ನೂ ಪೂರ್ತಿ ಬಾಗದ ಬೆರಳಿನ ಕೈಯಲ್ಲೇ ತೆಗೆದುಕೊಂಡೆ. ಕೆಳಗಿಳಿದು ನೇರ ಹೋಗಿ ಮಾವನ ಕೈಗೆ ಕೊಟ್ಟೆ.

ಮಾವ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಅವರಿಗೆ ಓದಲು ಬರುವ ಅಕ್ಷರ ಅದರಲ್ಲಿರಲಿಲ್ಲ. ಸೂಟಿಂಗ್ ಬಟ್ಟೆ ನೋಡುವಂತೆ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, ಹಿಂದೆ ಮುಂದೆ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು.

"ಏನಂತಾರೆ?" ಎಂದರು ಕೋಚ್.

"ಗಟ್ಟಿ ಉಂಟು," ಎಂದರು ಮಾವ. "ಮಡಚ್ಬೇಡ ಮಾರಾಯ. ಇದಕ್ಕೆ ಗೆರೆ ಬಿದ್ರೆ ನನ್ನ ಇಸ್ತ್ರಿಯಲ್ಲಿ ಹೋಗುದಿಲ್ಲ."