ದಿನಾರಿನ ದರ ಕೇಳುತ್ತಿದ್ದ ವೈನಿ

ವೈನಿಯ ಬಲಗೈ ಹೆಬ್ಬೆರಳಿನ ಉಗುರು ಉದ್ದವಾಗಿತ್ತು. ತುದಿಗೆ ತಂಬಾಕಿನ ಕಂದು ಬಣ್ಣ ಹಿಡಿದಿತ್ತು. ಬೀಡಿಯ ಬಾಯಿ ಮಡಚುವುದಕ್ಕೆಂದೇ ಬೆಳೆಸಿದ ಉಗುರು ಅದು. ನಿಪ್ಪಾಣಿಯ ನಮ್ಮ ಓಣಿಯಲ್ಲಿ ಅಂಥ ಉಗುರಿನ ಹೆಂಗಸರು ಬಹಳ ಇದ್ದರು. ಆದರೆ ಗಂಡ ಕುವೈತಿನಲ್ಲಿದ್ದೂ ಬೀಡಿ ಕಟ್ಟುತ್ತಿದ್ದವರು ಇವರೊಬ್ಬರೇ. ಯಾರಾದರೂ ಕೆಣಕಿದರೆ, "ಅವರು ಅಲ್ಲಿ ಬಿಸಲಾಗ ಕ್ರೇನ್ ನಡಸ್ತಾರ. ನಾ ಇಲ್ಲಿ ಕುಂತ ತಿನ್ನಾಕ ಏನ್ ರಾಣೀನ?" ಎನ್ನುತ್ತಿದ್ದರು.

ಅವರು ನಮ್ಮ ಬಾಜೂಮನೆಯವರು, ಸಂಬಂಧಿಕರಲ್ಲ. ಅವರ ಗಂಡನನ್ನು ನಾನು ಅಣ್ಣ ಎನ್ನುತ್ತಿದ್ದೆ, ಆದ್ದರಿಂದ ಇವರು ವೈನಿ.

ಹೈಸ್ಕೂಲಿನಿಂದ ನನಗೆ ದಿನಚರಿ ಬರೆಯುವ ಚಟ. ಎಷ್ಟು ಮಳೆ, ಎಷ್ಟು ಗಂಟೆಗೆ ನೀರು ಬಂತು, ಯಾರ ಮನೆಗೆ ಯಾರು ಬಂದರು, ಎಲ್ಲಕ್ಕೂ ತಾರೀಖು. ೧೯೮೫ರಿಂದ ಅದರಲ್ಲಿ ಇನ್ನೊಂದು ಸಾಲು ಸೇರಿತು. ಅಣ್ಣನ ಡ್ರಾಫ್ಟ್ ಬಂದ ದಿನ ವೈನಿ ಅದನ್ನು ತಂದು ನನ್ನ ಮುಂದಿಡುತ್ತಿದ್ದರು. "ಏ ಲೆಕ್ಕದಾಕಿ, ದರ ಹೇಳ." ಎಷ್ಟು ದಿನಾರು ಕಟ್ಟಿದೆ ಎಂದು ಅಣ್ಣನ ಪತ್ರದಲ್ಲಿ ಇರುತ್ತಿತ್ತು. ಡ್ರಾಫ್ಟಿನ ರೂಪಾಯಿಯನ್ನು ಅದರಿಂದ ಭಾಗಿಸಿ ನಾನು ಒಂದು ದಿನಾರಿನ ದರ ಬರೆದುಕೊಳ್ಳುತ್ತಿದ್ದೆ. ಮೊದಲ ವರ್ಷ ನಲವತ್ತರ ಆಸುಪಾಸು. ವೈನಿಗೆ ಅದು ಬೀಡಿಯ ಲೆಕ್ಕದಲ್ಲೇ ತಿಳಿಯಬೇಕು. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು ತಾನೆ? "ಅಂದ್ರ ಒಂದ ಕಟ್ಟ, ಮ್ಯಾಲ ಹದಿನೈದ," ಎಂದು ಗುಣುಗುಣಿಸಿ ತಲೆಯಾಡಿಸುತ್ತಿದ್ದರು. ೧೯೯೦ರ ಹೊತ್ತಿಗೆ ಅದು ಎರಡು ಕಟ್ಟಿನ ಮೇಲೆ ಹತ್ತಾಗಿತ್ತು. ಐದು ವರ್ಷಗಳ ನನ್ನ ಸಾಲುಗಳಲ್ಲಿ ದರ ಅಲ್ಲಿಷ್ಟು ಇಲ್ಲಿಷ್ಟು ತಗ್ಗಿದ್ದರೂ ಕೊನೆಗೆ ಏರಿಯೇ ಇತ್ತು.

ವೈನಿಗೆ ಒಬ್ಬಳೇ ಮಗಳು, ಏಳು ವರ್ಷದವಳು. ಹೃದಯದಲ್ಲಿ ರಂಧ್ರವಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ತುಟಿ ನೀಲಿಗಟ್ಟುತ್ತಿತ್ತು. ಮಳೆಗಾಲ ಮುಗಿಯುವುದರೊಳಗೆ ಆಪರೇಶನ್ ಆಗಬೇಕು ಎಂದು ಡಾಕ್ಟರು ಹೇಳಿದ್ದರು. ೧೯೯೦ರ ಮೇ ತಿಂಗಳಲ್ಲಿ ರಜೆಗೆ ಬಂದ ಅಣ್ಣ ಈ ಸಲ ಡ್ರಾಫ್ಟ್ ಮಾಡಿಸಿರಲಿಲ್ಲ. ಕೊಲ್ಹಾಪುರದಲ್ಲಿ ಒಬ್ಬ ಬ್ಯಾಂಕಿಗಿಂತ ಹೆಚ್ಚು ಕೊಡುತ್ತಾನೆಂದು ಯಾರೋ ಹೇಳಿದ್ದರಿಂದ ಮುನ್ನೂರು ದಿನಾರಿನ ನೋಟುಗಳನ್ನೇ ತಂದಿದ್ದ. ವೈನಿಯ ಕೈಗೆ ಕೊಟ್ಟು ತಿರುಗಿ ಹೋದ.

ಜುಲೈ ಹದಿನೈದು, ಭಾನುವಾರ. ವೈನಿ ನೋಟುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದರು. "ನಾಳೆ ಕೊಲ್ಹಾಪುರಕ್ಕ ಹೋಗಿ ಮುರಿಸಿಕೊಂಡ ಬರ್ತೀನಿ. ದರ ಬರೋಬರಿ ಐತೇನ ನೋಡ."

ನಾನು ಲೆಕ್ಕ ಹಾಕಿದೆ. ಆಪರೇಶನ್ನಿಗೆ ಸಾಲುತ್ತಿತ್ತು, ಔಷಧಕ್ಕೂ ಅಲ್ಲಿ ಉಳಿಯುವುದಕ್ಕೂ ಆರುನೂರು ರೂಪಾಯಿ ಕಡಿಮೆ ಬೀಳುತ್ತಿತ್ತು. ದಿನಾರಿಗೆ ಇನ್ನೆರಡು ರೂಪಾಯಿ ಏರಿದರೆ ಅದೂ ತುಂಬುತ್ತದೆ. ದಿನಚರಿ ಬಿಚ್ಚಿ ತೋರಿಸಿದೆ.

"ಗಣಪತಿ ಹಬ್ಬದ ಮಟಾ ತಡೀರಿ ವೈನಿ. ಏರತೈತಿ."

"ಎಲಿ ಹಸಿ ಇದ್ದಾಗ ಸುತ್ತಬೇಕವಾ. ಒಣಗಿದ ಮ್ಯಾಲ ಬರೀ ಪುಡಿ," ಎಂದರು ವೈನಿ. ಸ್ವಲ್ಪ ಹೊತ್ತು ನನ್ನ ಅಂಕಿಗಳನ್ನೇ ನೋಡುತ್ತ ಕುಳಿತರು. ಅವರಿಗೆ ಓದಲು ಬರುತ್ತಿರಲಿಲ್ಲ. "ಇರಲಿ. ನೀ ಕಲ್ತಾಕಿ."

ಆಗಸ್ಟ್ ಎರಡು, ಗುರುವಾರ. ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು.

ಮುಂದಿನ ಸೋಮವಾರ ನಾವಿಬ್ಬರೂ ಕೊಲ್ಹಾಪುರಕ್ಕೆ ಹೋದೆವು. ಆ ಮನುಷ್ಯ ನೋಟು ಮುಟ್ಟಲೂ ಇಲ್ಲ. "ಆತಾ ಹಾ ನುಸತಾ ಕಾಗದ, ಬಾಯಿ," ಎಂದ ಮರಾಠಿಯಲ್ಲಿ. ಬರೀ ಕಾಗದ. ಬ್ಯಾಂಕಿನವರೂ ತೆಗೆದುಕೊಳ್ಳಲಿಲ್ಲ. ಬಸ್ಸಿನಲ್ಲಿ ಬರುವಾಗ ವೈನಿ ಒಂದೇ ಮಾತು ಆಡಿದರು: "ಅವರು ಜೀವಂತ ಅದಾರೋ ಇಲ್ಲೋ." ಆ ದಿನದ ದರದ ಸಾಲಿನಲ್ಲಿ ನಾನು ಏನೂ ಬರೆಯಲಿಲ್ಲ.

ಅಕ್ಟೋಬರಿನಲ್ಲಿ ಅಣ್ಣ ಬಂದ. ಮರಳುಗಾಡು ದಾಟಿ, ಡೇರೆಗಳಲ್ಲಿ ಮಲಗಿ, ವಿಮಾನ ಹತ್ತಿ ಬಂದವನ ಬಳಿ ಮೈಮೇಲಿನ ಬಟ್ಟೆ ಬಿಟ್ಟರೆ ಬೇರೇನೂ ಇರಲಿಲ್ಲ. ನೋಟು ಹಾಗೆಯೇ ಇರುವುದನ್ನು ಕಂಡು ಅಂಗಳದಲ್ಲೇ ಕೂಗಾಡಿದ.

"ಬರೋಬರಿ ಎರಡ ತಿಂಗಳಿತ್ತು ನಿನ್ನ ಕೈಯಾಗ! ಯಾರ ಹೇಳಿದ್ರು ತಡಿ ಅಂತ?"

ನಾನು ನಮ್ಮ ಹೊಸ್ತಿಲ ಮೇಲೆ ನಿಂತಿದ್ದೆ. ವೈನಿ ನನ್ನ ಕಡೆ ತಿರುಗಿ ನೋಡಲಿಲ್ಲ.

"ಯಾರ ಹೇಳ್ತಾರ? ನನ್ನ ಆಸೆ ಹೇಳ್ತು."

ವೈನಿ ತಾಳಿಯೊಂದನ್ನು ಬಿಟ್ಟು ಬಂಗಾರವೆಲ್ಲ ಮಾರಿದರು. ಆಪರೇಶನ್ನಿಗೆ ಜನವರಿಯ ತಾರೀಖು ಸಿಕ್ಕಿತು. ಮಗು ಡಿಸೆಂಬರ್ ಹದಿನಾಲ್ಕರಂದು, ಶುಕ್ರವಾರ ಮಧ್ಯಾಹ್ನ, ತಾಯಿಯ ತೊಡೆಯ ಮೇಲೆ ತೀರಿಹೋಯಿತು. ನೀರಿನ ನಳದ ಹತ್ತಿರ ಹೆಂಗಸೊಬ್ಬಳು ವೈನಿಗೆ ಕೇಳುವಂತೆಯೇ ಹೇಳಿದಳು: "ನೋಟ ಮರಿ ಹಾಕ್ತಾವಂತ ಕುಂತಿದ್ಲು." ವೈನಿ ಕೊಡ ತುಂಬಿಸಿಕೊಂಡು ಬಂದರು. ನಾನೂ ಕೊಡ ತುಂಬಿಸಿಕೊಂಡು ಬಂದೆ.

ಮರುವರ್ಷ ಯುದ್ಧ ಮುಗಿಯಿತು. ಬೇಸಿಗೆಯಲ್ಲಿ ಹಳೆಯ ಧಣಿ ಅಣ್ಣನನ್ನು ಕರೆಸಿಕೊಂಡ. ಹೋಗುವಾಗ ಅಣ್ಣ ಆ ನೋಟುಗಳನ್ನೂ ಒಯ್ದ. ಅಲ್ಲಿ ಹಳೆಯ ನೋಟಿಗೆ ಹೊಸ ನೋಟು ಕೊಡುತ್ತಿದ್ದರು. ಜುಲೈನಲ್ಲಿ ನಮ್ಮ ಸರಕಾರ ರೂಪಾಯಿಯ ಬೆಲೆ ಇಳಿಸಿತು. ಸೆಪ್ಟೆಂಬರಿನಲ್ಲಿ ಡ್ರಾಫ್ಟ್ ಬಂತು.

ವೈನಿ ಅದನ್ನು ನನ್ನ ಮುಂದಿಟ್ಟರು. ಅದೇ ಮುನ್ನೂರು ದಿನಾರು. ಭಾಗಿಸಿದೆ. ದರ ಎಂಬತ್ತು ದಾಟಿತ್ತು. ಅವರೇ ಒತ್ತಾಯಿಸಿ ಹೇಳಿಸಿದರು. ಆಮೇಲೆ ನನ್ನ ಬೆನ್ನ ಮೇಲೆ ಕೈಯಿಟ್ಟು, "ನಿನ್ನ ಲೆಕ್ಕ ತಪ್ಪಿರಲಿಲ್ಲ ನೋಡ ತಂಗಿ," ಎಂದರು. ಅದರಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನಾನು ಇಷ್ಟು ವರ್ಷ ಅದನ್ನು ನೆನೆಯುತ್ತಿರಲಿಲ್ಲ.

೧೯೯೬ರಲ್ಲಿ ವೈನಿ ಕೆಮ್ಮಿ ಕೆಮ್ಮಿ ತೀರಿಕೊಂಡರು. ಹದಿಮೂರನೇ ದಿನದ ಊಟದ ಪಂಕ್ತಿಯಲ್ಲಿ ಅಣ್ಣ ಪಕ್ಕದವರಿಗೆ ಹೇಳುತ್ತಿದ್ದ: "ಭಾಳ ಚಲೋ ಇದ್ಲರಿ. ಆದ್ರ ಆಸೆಬುರಕಿ. ಅದಕ್ಕ ನನ್ನ ಕೂಸು ಹೋತು." ನಾನು ಅನ್ನ ಬಡಿಸುತ್ತ ಅವನ ಎಲೆಯ ಮುಂದೆ ಬಂದಿದ್ದೆ. ಆರು ವರ್ಷ ವೈನಿ ಹೊತ್ತ ಮಾತನ್ನು ಅವರ ತಲೆಯಿಂದ ಇಳಿಸುವುದಕ್ಕೆ ಎರಡೇ ಶಬ್ದ ಸಾಕಿತ್ತು: ‘ನಾನೇ ಹೇಳಿದ್ದು.’

"ಅಣ್ಣಾ, ಅನ್ನ ಹಾಕಲೇನ?" ಎಂದೆ. "ಸಾಕವಾ," ಎಂದು ಅಣ್ಣ ಎಲೆಗೆ ಕೈ ಅಡ್ಡ ಹಿಡಿದ. ನಾನು ಮುಂದಿನ ಎಲೆಗೆ ಹೋದೆ.