ಆನೆ ಪುಸ್ತಕದ ಪರೀಕ್ಷೆ

ಭದ್ರಾವತಿಯಲ್ಲಿರೋ ಮೊಮ್ಮಗಳಿಗೆ ಪುಸ್ತಕ ಒಯ್ಯೋಣ ಅಂತ, ಬಸ್ ಹತ್ತೋ ಮುಂಚೆ ಶಿವಮೊಗ್ಗದ ಸವಳಂಗ ರಸ್ತೆಯ ಅಂಗಡಿಯೊಂದಕ್ಕೆ ಹೋದೆ. ಅಲ್ಲೊಬ್ಬ ಹೆಣ್ಣುಮಗಳು ಆನೆ ಕತೆಯ ಒಂದೇ ಪುಟವನ್ನು ಮತ್ತೆ ಮತ್ತೆ ಗಟ್ಟಿಯಾಗಿ ಓದುತ್ತಿದ್ದಳು. ನನಗೆ ಕುತೂಹಲ ತಡೆಯಲಿಲ್ಲ.

"ಯಾಕಮ್ಮ, ಅರ್ಥ ಆಗ್ಲಿಲ್ವಾ?"

"ಆಯ್ತು ಸಾರ್. ನನ್ನ ಮಗಳು ದಿನಾ ಒಂದೇ ಪುಸ್ತಕ ಓದಿಸ್ತಾಳೆ. ಅವಳಿಗೆ ಬೇಜಾರಾಗಲ್ಲ. ನನಗಾಗುತ್ತಾ ಅಂತ ನೋಡ್ತಿದ್ದೀನಿ."

ನಾನು ಆರಿಸಿದ್ದು ದಪ್ಪ ರಟ್ಟಿನ ನೀತಿಕತೆ. ಮೊಮ್ಮಗಳಿಗೆ ಒಳ್ಳೇ ಬುದ್ಧಿ ಬರಲಿ ಅಂತ. ನಾನೂ ಒಂದು ಪುಟ ಗಟ್ಟಿಯಾಗಿ ಓದಿ ನೋಡಿದೆ. ಪರವಾಗಿಲ್ಲ ಅನ್ನಿಸಿತು. ಅದನ್ನೇ ಎರಡನೇ ಸಲ ಶುರು ಮಾಡಿದ್ದೆ ಅಷ್ಟೇ, ಗಲ್ಲಾದಲ್ಲಿ ಕೂತಿದ್ದ ಅಂಗಡಿಯವನು ಕೈ ಮುಗಿದ.

"ಸಾಕು ಮಾರಾಯ್ರೆ! ಆನೆದು ಇನ್ನೊಂದಿದೆ, ಅದನ್ನೇ ಕೊಡ್ತೀನಿ."